ಮಳೆ ಬಂದಾಗ ವೆಟ್‌ವೆಲ್ ಯಾಕೆ ಉಕ್ಕುತ್ತದೆ? ದೊಡ್ಡ ಪಂಪ್ ಹಾಕಿದರೆ ಸಾಕಾ?

ಪ್ರಶ್ನೆ: ನಮ್ಮದು ಕರಾವಳಿಯ ಒಂದು ಊರು. ಮನೆ ತಗ್ಗಿನಲ್ಲಿದೆ. ನೂರು ಮೀಟರ್ ದೂರದಲ್ಲಿ ಒಳಚರಂಡಿಯ ವೆಟ್‌ವೆಲ್, ಅಂದರೆ ಊರಿನ ಕೊಳಚೆ ಬಂದು ಸೇರುವ, ಅಲ್ಲಿಂದ ಪಂಪ್ ಅದನ್ನು ಎತ್ತುವ ಗುಂಡಿ ಇದೆ. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಜೂನ್ ಬಂತೆಂದರೆ ಜೋರು ಮಳೆಗೆ ರಸ್ತೆಯ ಮ್ಯಾನ್‌ಹೋಲ್ ಉಕ್ಕಿ ನೀರು ಅಂಗಳಕ್ಕೆ ಬರುತ್ತದೆ. ಕೆಳಗಿನ ಬಚ್ಚಲಿನಲ್ಲೂ ಮೇಲೇಳುತ್ತದೆ. ಕಳೆದ ವರ್ಷ ಬಾವಿ ನೀರೂ ಕೆಟ್ಟಿತು. ಪಂಪ್ ಆಪರೇಟರನ್ನು ಕೇಳಿದರೆ "ಎರಡೂ ಪಂಪ್ ಓಡ್ತಾ ಇದೆ, ನಾನೇನು ಮಾಡ್ಲಿ" ಅನ್ನುತ್ತಾರೆ. ದೊಡ್ಡ ಪಂಪ್ ಹಾಕಿಸಿ ಎಂದು ವಾರ್ಡಿನವರೆಲ್ಲ ಸೇರಿ ಮನವಿ ಕೊಡಬೇಕೆಂದಿದ್ದೇವೆ. ಸರಿಯಾ? ಕೊಳಚೆ ನೀರಿನ ಪೈಪಿಗೂ ಮಳೆಗೂ ಏನು ಸಂಬಂಧ?

ಉತ್ತರ: ಮನವಿ ಖಂಡಿತ ಕೊಡಿ. ಆದರೆ ಅದರಲ್ಲಿ ದೊಡ್ಡ ಪಂಪ್ ಕೇಳಬೇಡಿ. ಮಳೆ ನೀರು ನಮ್ಮ ಒಳಚರಂಡಿಗೆ ಎಲ್ಲಿಂದ ನುಗ್ಗುತ್ತಿದೆ, ಅದನ್ನು ಹುಡುಕಿಸಿ ಎಂದು ಕೇಳಿ. ಆಪರೇಟರ್ ಹೇಳಿದ್ದು ನಿಜವೇ ಇರಬಹುದು. ಎರಡೂ ಪಂಪ್ ಚೆನ್ನಾಗಿ ಓಡುತ್ತಿದ್ದರೂ ವೆಟ್‌ವೆಲ್ ಉಕ್ಕುತ್ತದೆ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ನಿಮ್ಮ ಕೊನೆಯ ಪ್ರಶ್ನೆ. ನಮ್ಮ ಊರುಗಳಲ್ಲಿ ನೀರು ಹೋಗಲು ಎರಡು ದಾರಿ ಇವೆ. ಶೌಚಾಲಯ, ಬಚ್ಚಲು, ಅಡುಗೆಮನೆಯ ನೀರು ಯುಜಿಡಿ, ಅಂದರೆ ಒಳಚರಂಡಿ ಪೈಪಿಗೆ. ತಾರಸಿ, ಅಂಗಳ, ರಸ್ತೆಯ ನೀರು ಚರಂಡಿಗೆ, ಅಲ್ಲಿಂದ ತೋಡಿಗೆ (ಸಣ್ಣ ಹಳ್ಳಕ್ಕೆ). ನಕ್ಷೆಯಲ್ಲಿ ಇವೆರಡೂ ಎಲ್ಲೂ ಸೇರುವುದಿಲ್ಲ. ಕೋಲ್ಕತ್ತದ ಹಳೆಯ ಭಾಗದಲ್ಲಿ, ಲಂಡನ್ನಿನಲ್ಲಿ ಎರಡಕ್ಕೂ ಒಂದೇ ಪೈಪ್ ಇದೆ. ಅಲ್ಲಿ ಮಳೆಯ ಲೆಕ್ಕವನ್ನೂ ಹಿಡಿದೇ ಪೈಪು ಕಟ್ಟಿದ್ದಾರೆ. ನಮ್ಮಲ್ಲಿ ಹಾಗಲ್ಲ. ಪೈಪ್, ವೆಟ್‌ವೆಲ್, ಪಂಪ್ ಎಲ್ಲವೂ ಜನ ಬಳಸಿ ಬಿಟ್ಟ ನೀರಿನ ಲೆಕ್ಕಕ್ಕೆ ಕಟ್ಟಿದ್ದು. ಮಳೆಗೆ ಅಲ್ಲಿ ಜಾಗವೇ ಇಲ್ಲ.

ಈಗ ಲೆಕ್ಕ. ನಿಮ್ಮ ವೆಟ್‌ವೆಲ್‌ಗೆ 20,000 ಜನರ ನೀರು ಬರುತ್ತದೆ ಅಂದುಕೊಳ್ಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗಿ ಪೈಪಿಗೆ ಬರುತ್ತದೆ ಎಂದು ಹಿಡಿಯುವುದು ವಾಡಿಕೆ. ದಿನಕ್ಕೆ 21.6 ಲಕ್ಷ ಲೀಟರ್ ಆಯಿತು. ಸೆಕೆಂಡಿಗೆ ಹಂಚಿದರೆ 25 ಲೀಟರ್. ಆದರೆ ನೀರು ಹಾಗೆ ಸಮನಾಗಿ ಬರುವುದಿಲ್ಲ. ಬೆಳಿಗ್ಗೆ ಏಳರ ಹೊತ್ತಿಗೆ ಎಲ್ಲ ಮನೆಯಲ್ಲೂ ಸ್ನಾನ, ಪಾತ್ರೆ, ಬಟ್ಟೆ ಒಟ್ಟಿಗೇ ನಡೆಯುತ್ತದೆ ಅಲ್ವಾ? ಅದಕ್ಕೆ ಇಷ್ಟು ಜನಸಂಖ್ಯೆಯ ಊರಿಗೆ ಸರಾಸರಿಯ ಮೂರು ಪಟ್ಟು ಹಿಡಿಯಬೇಕು ಎಂದು ಕೇಂದ್ರ ಸರ್ಕಾರದ ನೀರು-ನೈರ್ಮಲ್ಯ ಸಂಸ್ಥೆ ಸಿಪಿಎಚ್‌ಇಇಒ 2013ರಲ್ಲಿ ತಂದ ಒಳಚರಂಡಿ ಕೈಪಿಡಿ ಹೇಳುತ್ತದೆ. ಅಂದರೆ ಸೆಕೆಂಡಿಗೆ 75 ಲೀಟರ್. ಪಂಪ್ ಅಷ್ಟನ್ನು ಎತ್ತಿದರೆ ಸಾಕು. ವೆಟ್‌ವೆಲ್‌ನಲ್ಲಿ ಕೊಳಚೆ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಬಾರದು, ನಿಂತರೆ ಕೊಳೆತು ಗ್ಯಾಸ್ ಆಗುತ್ತದೆ. ಹಾಗಾಗಿ ಅದರ ಹೊಟ್ಟೆಯೂ ಚಿಕ್ಕದೇ. ನಮ್ಮ ಉದಾಹರಣೆಯಲ್ಲಿ 45,000 ಲೀಟರ್.

ಇನ್ನು ಮಳೆ. 100 ಚದರ ಮೀಟರ್ ತಾರಸಿ, ಅಂದರೆ ಸಾವಿರ ಚದರ ಅಡಿಗಿಂತ ಸ್ವಲ್ಪ ಜಾಸ್ತಿ. ಅದರ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರು. ಮಂಗಳೂರಿನ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಸುರಿಯುತ್ತದೆ. ಅಲ್ಲಿಯವರಿಗೆ ಇಂಥ ಗಂಟೆಗಳು ಹೊಸತಲ್ಲ. ಐದು ಜನರ ಸಂಸಾರ ದಿನವಿಡೀ ಬಿಡುವ ಕೊಳಚೆ 540 ಲೀಟರ್. ಹಾಗಾದರೆ ಆ ಮನೆಯವರು ಒಂಬತ್ತು ದಿನ ಬಿಡುವ ನೀರನ್ನು ಅವರ ತಾರಸಿ ಒಂದೇ ಗಂಟೆಯಲ್ಲಿ ಬಿಡುತ್ತದೆ.

20,000 ಜನ ಅಂದರೆ ಸುಮಾರು 4,000 ಮನೆ. ಅದರಲ್ಲಿ ನೂರಕ್ಕೆ ಐದು ಮನೆಯವರು ತಾರಸಿಯ ಪೈಪನ್ನು ಯುಜಿಡಿ ಚೇಂಬರಿಗೆ ಬಿಟ್ಟಿದ್ದಾರೆ ಅಂದುಕೊಳ್ಳಿ. 200 ಮನೆ. ಅಲ್ಲಿಲ್ಲಿ ಸೋರಿ ಹೋದದ್ದನ್ನು ಕಳೆದರೂ ಸೆಕೆಂಡಿಗೆ 250 ಲೀಟರ್ ಮಳೆ ನೀರು ಪೈಪಿಗೆ ಬಂತು. ಮಾಮೂಲಿ ಕೊಳಚೆ 25 ಸೇರಿ 275. ಪಂಪ್ ಎತ್ತುವುದು 75. ಖಾಲಿ ವೆಟ್‌ವೆಲ್ ಆಗಿದ್ದರೂ ನಾಲ್ಕು ನಿಮಿಷದೊಳಗೆ ತುಂಬಿತು. ಆಮೇಲೆ ನೀರು ಬಂದ ಪೈಪಿನಲ್ಲೇ ಹಿಂದಕ್ಕೆ ನಿಲ್ಲುತ್ತಾ ಹೋಗುತ್ತದೆ. ಎಲ್ಲಿ ಮುಚ್ಚಳ ಎಲ್ಲಕ್ಕಿಂತ ತಗ್ಗಿನಲ್ಲಿದೆಯೋ ಅಲ್ಲಿ ಮೇಲೆ ಬರುತ್ತದೆ. ಅದು ನಿಮ್ಮ ಮನೆಯ ಮುಂದಿನ ಮ್ಯಾನ್‌ಹೋಲ್. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ನಿಮ್ಮ ಬಚ್ಚಲಿನ ನೆಲ ಕೆಳಗಿದ್ದರೆ ಅಲ್ಲೇ ಮೊದಲು.

ನೂರರಲ್ಲಿ ಐದೇ ಮನೆಗೆ ಇಷ್ಟು. ಮಿಕ್ಕ 95 ಮನೆಯವರು ಸರಿಯಾಗಿದ್ದೂ ತಗ್ಗಿನಲ್ಲಿರುವ ನಿಮಗೆ ಈ ಗತಿ.

ಹೀಗೆ ಮಾಡಿದವರಲ್ಲಿ ಹೆಚ್ಚಿನವರಿಗೆ ತಾವು ತಪ್ಪು ಮಾಡಿದ್ದೇವೆ ಅಂತಲೇ ಗೊತ್ತಿರುವುದಿಲ್ಲ. ಮನೆ ಕಟ್ಟುವಾಗ ಹಿತ್ತಿಲ ನೀರು ರಸ್ತೆಯ ಚರಂಡಿಗೆ ಹತ್ತುವುದಿಲ್ಲ, ಚರಂಡಿ ಎತ್ತರದಲ್ಲಿದೆ. ಪಕ್ಕದಲ್ಲೇ ಚೇಂಬರ್ ಇದೆ. "ಇಲ್ಲೇ ಬಿಟ್ಟುಬಿಡೋಣ ಸಾರ್" ಅನ್ನುತ್ತಾನೆ ಪ್ಲಂಬರ್. ಎರಡು ಅಡಿ ಪೈಪಿನಲ್ಲಿ ಕೆಲಸ ಮುಗಿಯಿತು. ಮುಂದಿನ ಮಳೆಗಾಲದಲ್ಲಿ ಆ ನೀರು ಮುಕ್ಕಾಲು ಕಿಲೋಮೀಟರ್ ದೂರದ ಇನ್ನೊಬ್ಬರ ಬಚ್ಚಲಲ್ಲಿ ಎದ್ದದ್ದು ಇವರಿಗೆ ಹೇಗೆ ಗೊತ್ತಾಗಬೇಕು?

ನಾನು ಕಂಡದ್ದೊಂದನ್ನು ಹೇಳುತ್ತೇನೆ. ಒಂದು ಊರಿನಲ್ಲಿ ಇಂಥದ್ದೇ ವೆಟ್‌ವೆಲ್. ಜುಲೈ ತಿಂಗಳ ರಾತ್ರಿ, ಮಳೆ ಬಿಡುವುದೇ ಇಲ್ಲ. ಆಪರೇಟರ್ ವೆಟ್‌ವೆಲ್ಲಿನ ಬಾಯಿಯ ಹತ್ತಿರ ಟಾರ್ಚ್ ಬಿಟ್ಟು "ನೋಡಿ ಸಾರ್, ವಾಸನೆ ಇದೆಯಾ?" ಎಂದು ಕೇಳಿದರು. ಇರಲಿಲ್ಲ. ಬೇಸಿಗೆಯಲ್ಲಿ ಹತ್ತಿರ ನಿಲ್ಲಲಾಗದ ಜಾಗ ಅದು. ಆ ರಾತ್ರಿ ಬರುತ್ತಿದ್ದುದು ಕೆಂಪು ಮಣ್ಣಿನ ಬಣ್ಣದ ನೀರು. ಮೇಲೆ ಮಾವಿನೆಲೆ, ಹಾಲಿನ ಪ್ಯಾಕೆಟ್, ಅದರ ಜೊತೆ ರಾಶಿ ರಾಶಿ ಸೇವಂತಿಗೆ ಹೂ ಮತ್ತು ಪೇಪರ್ ಲೋಟ. ಹೂ ಮತ್ತು ಲೋಟ ನೋಡಿದ ಮೇಲೆ ಹುಡುಕುವುದು ಕಷ್ಟ ಆಗಲಿಲ್ಲ. ಮೇಲ್ಗಡೆ ಒಂದು ಮದುವೆ ಹಾಲ್ ಇತ್ತು. ಅದರ ಹಿಂದೆ ಊಟದ ಪೆಂಡಾಲು ಹಾಕುವ ಅರ್ಧ ಎಕರೆ ಕಾಂಕ್ರೀಟ್ ಅಂಗಳ. ಪಾತ್ರೆ ತೊಳೆಯುವ ನೀರಿಗೆಂದು ಮಾಡಿದ ಜಾಲರಿಗೆ ಇಡೀ ಅಂಗಳದ ನೀರು ಇಳಿಯುತ್ತಿತ್ತು. ಅರ್ಧ ಎಕರೆಗೆ ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದರೆ ಅಲ್ಲಿಲ್ಲಿ ಸೋರಿದ್ದನ್ನು ಕಳೆದು ಸೆಕೆಂಡಿಗೆ ಹತ್ತಿರ ಹತ್ತಿರ 25 ಲೀಟರ್. ಮೇಲಿನ ಲೆಕ್ಕದಲ್ಲಿ 20,000 ಜನರ ಸರಾಸರಿ ಕೊಳಚೆಯೂ ಅಷ್ಟೇ! ಜಾಲರಿಯ ಸುತ್ತ ಅರ್ಧ ಅಡಿ ಕಟ್ಟೆ ಕಟ್ಟಿ, ಮೇಲೆ ಶೀಟ್ ಹಾಕಿಸಿ, ಅಂಗಳದ ನೀರನ್ನು ತೋಡಿಗೆ ತಿರುಗಿಸಿದರು. ಮೇಸ್ತ್ರಿಯೊಬ್ಬರ ಕೆಲವು ದಿನದ ಕೆಲಸ. ಪಂಪಿಗೆ ಕೈ ಹಾಕಬೇಕಾಗಲೇ ಇಲ್ಲ.

ಕೊಳಚೆಗೆ ವಾಸನೆ ಇಲ್ಲದೆ ಕೆಂಪಾಗಿ ಬಂದರೆ ಅದು ಮಳೆ ನೀರು ಎಂದು ಆವತ್ತು ಕಲಿತದ್ದು ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ನೀವೂ ಒಮ್ಮೆ ಗಮನಿಸಿ.

ಮಳೆ ನೀರು ಒಳಗೆ ಹೋಗುವ ಎರಡನೇ ಬಾಗಿಲು ಮ್ಯಾನ್‌ಹೋಲ್ ಮುಚ್ಚಳ. ಮುಚ್ಚಳದಲ್ಲಿ ಎತ್ತಲು ಇರುವ ತೂತು ಒಂದು ಇಂಚಿನದು. ಅದರ ಮೇಲೆ ಅರ್ಧ ಅಡಿ ನೀರು ನಿಂತರೆ ಒಂದು ತೂತಿನಿಂದ ಸೆಕೆಂಡಿಗೆ ಅರ್ಧ ಲೀಟರ್ ಇಳಿಯುತ್ತದೆ. ಅದಾದರೂ ಪರವಾಗಿಲ್ಲ. ರಸ್ತೆಯಲ್ಲಿ ನೀರು ನಿಂತಿತೆಂದು ಯಾರೋ ಒಬ್ಬರು ಹಾರೆ ತಂದು ಮುಚ್ಚಳವನ್ನೇ ಎತ್ತಿಬಿಡುತ್ತಾರಲ್ಲ, ಅದು ದೊಡ್ಡ ಅನಾಹುತ. ಎರಡು ಅಡಿ ಅಗಲದ ಬಾಯಿ, ಸುತ್ತ ಅರ್ಧ ಅಡಿ ನೀರು. ಸೆಕೆಂಡಿಗೆ ನೂರು ಲೀಟರಿಗೂ ಮೇಲೆ ನುಂಗುತ್ತದೆ. ಪಂಪಿನ ಪೂರ್ತಿ ಶಕ್ತಿ ಆ ಒಂದು ಬಾಯಿಗೇ ಸಾಲದು. ಕೈಪಿಡಿಯ ಲೆಕ್ಕದಲ್ಲಿ ಒಂದು ಮ್ಯಾನ್‌ಹೋಲಿನಿಂದ ನೆಲದ ನೀರು ಜಿನುಗಲು ಬಿಟ್ಟಿರುವುದು ದಿನಕ್ಕೆ 250ರಿಂದ 500 ಲೀಟರ್. ತೆರೆದ ಬಾಯಿ ಅಷ್ಟನ್ನು ಐದು ಸೆಕೆಂಡಿನಲ್ಲಿ ಮುಗಿಸುತ್ತದೆ. ಆ ನೀರಿನ ಅಡಿಯಲ್ಲಿ ತೆರೆದ ಗುಂಡಿ ಇರುವುದು ಕಾಣದೆ ನಡೆದುಹೋಗುವವರು ಬೀಳುವುದೂ ಇದೆ. ದಯವಿಟ್ಟು ನಿಮ್ಮ ಬೀದಿಯಲ್ಲಿ ಯಾರೂ ಮುಚ್ಚಳ ಎತ್ತದ ಹಾಗೆ ನೋಡಿಕೊಳ್ಳಿ. ರಸ್ತೆಗೆ ಡಾಂಬರು ಹಾಕಿ ಹಾಕಿ ಮುಚ್ಚಳ ಕುಳಿಯಲ್ಲಿ ಉಳಿದಿದ್ದರೆ ಅದನ್ನು ಎತ್ತರಿಸಲು ಮನವಿಯಲ್ಲಿ ಬರೆಯಿರಿ.

ಮೂರನೆಯದು ನಿಧಾನದ ಕಳ್ಳ, ನೆಲದ ನೀರು. ಕರಾವಳಿಯ ಕೆಂಪು ಕಲ್ಲಿನ ನೆಲ ಮಳೆಗಾಲದಲ್ಲಿ ನೆನೆದ ಸ್ಪಂಜಿನ ಹಾಗೆ ಆಗುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಬಾವಿಗೆ ಬಿಂದಿಗೆ ಬಿಟ್ಟರೆ ಕೈಗೇ ಸಿಗುವಷ್ಟು ನೀರು ಮೇಲೆ ಬಂದಿರುತ್ತದೆ ಅಲ್ವಾ? ಆಗ ಮಣ್ಣಿನೊಳಗಿನ ಪೈಪ್ ಪೂರ್ತಿ ನೀರಿನಲ್ಲೇ ಮುಳುಗಿದೆ ಎಂದರ್ಥ. ಹಳೆಯ ಪಿಂಗಾಣಿ ಪೈಪಿನ ಸಿಮೆಂಟ್ ಜೋಡಣೆ ಬಿಟ್ಟಿದ್ದರೆ, ಇಟ್ಟಿಗೆಯ ಮ್ಯಾನ್‌ಹೋಲ್ ಗೋಡೆ ಬಿರುಕಾಗಿದ್ದರೆ ಅಲ್ಲೆಲ್ಲ ಒಳಗೆ ಜಿನುಗುತ್ತದೆ. ಬೇಸಿಗೆಯಲ್ಲಿ ನೆಲದ ನೀರು ಕೆಳಗಿಳಿದಾಗ ಅದೇ ಬಿರುಕಿನಿಂದ ಕೊಳಚೆ ಹೊರಗೆ ಹೋಗಿ ಬಾವಿ ಸೇರುತ್ತದೆ. ನಿಮ್ಮ ಬಾವಿ ಕೆಟ್ಟದ್ದಕ್ಕೆ ಅಂಗಳಕ್ಕೆ ಉಕ್ಕಿದ್ದು ಮಾತ್ರ ಕಾರಣ ಎಂದುಕೊಳ್ಳಬೇಡಿ. ಇದನ್ನೂ ನೋಡಿಸಿ.

ಈಗ ಪಂಪಿಂಗ್ ಸ್ಟೇಷನ್ ಒಳಗೆ ಬನ್ನಿ. ಮಳೆಯ ಮೊದಲ ಅರ್ಧ ಗಂಟೆ ಅತಿ ಕೆಟ್ಟದ್ದು. ಬೇಸಿಗೆಯೆಲ್ಲ ಪೈಪಿನ ತಳದಲ್ಲಿ ಕೂತಿದ್ದ ಹೂಳು, ರಸ್ತೆಯ ಮರಳು, ಬಟ್ಟೆ ಚೂರು, ಪ್ಲಾಸ್ಟಿಕ್ ಎಲ್ಲ ಒಂದೇ ಸಲ ಎದ್ದು ಬರುತ್ತವೆ. ಬಂದು ನಿಲ್ಲುವುದು ವೆಟ್‌ವೆಲ್‌ಗೆ ನೀರು ಬರುವಲ್ಲಿರುವ ಕಬ್ಬಿಣದ ಜಾಲರಿಯಲ್ಲಿ. ಇಲ್ಲಿ ಒಂದು ಸೂಕ್ಷ್ಮ ಇದೆ, ಎಷ್ಟೋ ಕಡೆ ಅನುಭವಸ್ಥರೂ ಇದರಲ್ಲಿ ಮೋಸ ಹೋಗುತ್ತಾರೆ. ಜಾಲರಿ ಕಟ್ಟಿಕೊಂಡರೆ ನೀರು ಜಾಲರಿಯ ಆಚೆಗೇ ನಿಲ್ಲುತ್ತದೆ. ಈಚೆಗೆ ವೆಟ್‌ವೆಲ್‌ನಲ್ಲಿ ಮಟ್ಟ ಇಳಿಯುತ್ತದೆ. ನೀರಿನ ಮೇಲೆ ತೇಲುವ ಫ್ಲೋಟ್ ಸ್ವಿಚ್ ಕೆಳಗಿಳಿದು ಪಂಪ್ ತಾನಾಗಿ ನಿಲ್ಲುತ್ತದೆ. ಆಪರೇಟರ್ ಇಣುಕಿ ನೋಡಿದರೆ ನೀರು ಕಡಿಮೆ ಇದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಅದೇ ಹೊತ್ತಿಗೆ ಮೇಲಿನ ಬೀದಿಯಲ್ಲಿ ಮ್ಯಾನ್‌ಹೋಲ್ ಉಕ್ಕುತ್ತಿರುತ್ತದೆ. ಹಾಗಾಗಿ ಜಾಲರಿಯ ಎರಡೂ ಕಡೆ ನೀರಿನ ಮಟ್ಟ ನೋಡಬೇಕು. ಒಂದು ಕಡೆ ನೋಡಿದರೆ ಸಾಲದು. ಮಳೆಗಾಲದಲ್ಲಿ ಜಾಲರಿ ಕೆರೆಯುವ ಕೆಲಸಕ್ಕೆ ರಾತ್ರಿಯೂ ಒಬ್ಬರು ಇರಬೇಕು. ಒಬ್ಬನೇ ಆಪರೇಟರ್ ಪ್ಯಾನಲ್ ನೋಡಬೇಕಾ, ಜಾಲರಿ ಕೆರೆಯಬೇಕಾ, ನಿಮ್ಮ ಫೋನ್ ಎತ್ತಬೇಕಾ?

ಜಾಲರಿ ದಾಟಿ ಹೋದ ಮರಳು ಪಂಪನ್ನು ತಿನ್ನುತ್ತದೆ. ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ ಇಂಪೆಲ್ಲರ್. ಸವೆದ ಇಂಪೆಲ್ಲರ್ ಒಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಅಂಚು ಬ್ಲೇಡಿನ ಹಾಗೆ ತೆಳ್ಳಗಾಗಿರುತ್ತದೆ, ಮೈಯೆಲ್ಲ ಗುಳಿ. ಅದು ತಿರುಗುತ್ತದೆ, ಸದ್ದೂ ಮಾಡುತ್ತದೆ, ಕರೆಂಟೂ ತಿನ್ನುತ್ತದೆ. ನೀರು ಮಾತ್ರ ಮೊದಲಿನಷ್ಟು ಎತ್ತುವುದಿಲ್ಲ. "ಎರಡೂ ಪಂಪ್ ಓಡ್ತಾ ಇದೆ" ಎಂಬ ಮಾತಿನ ಹಿಂದೆ ಇದೂ ಇರಬಹುದು. ಓಡುವುದು ಬೇರೆ, ಎತ್ತುವುದು ಬೇರೆ. ಹೊಸದರಲ್ಲಿ 75 ಎತ್ತುತ್ತಿದ್ದದ್ದು ಈಗ ಎಷ್ಟು ಎತ್ತುತ್ತಿದೆ ಎಂದು ಅಳೆಯುವುದು ಕಷ್ಟವಲ್ಲ. ಮಳೆ ಇಲ್ಲದ ದಿನ, ಒಳಗೆ ಬರುವ ನೀರನ್ನು ಗೇಟಿನಿಂದ ಕೆಲವು ನಿಮಿಷ ತಡೆದು, ಪಂಪ್ ಹಾಕಿ, ವೆಟ್‌ವೆಲ್‌ನ ಮಟ್ಟ ಎಷ್ಟು ನಿಮಿಷದಲ್ಲಿ ಎಷ್ಟು ಇಳಿಯಿತು ಎಂದು ನೋಡಿದರೆ ಆಯಿತು. ಮೇ ತಿಂಗಳಲ್ಲಿ ಪ್ರತಿ ವರ್ಷ ಇದನ್ನು ಮಾಡಬೇಕು.

ಜೋರು ಮಳೆಯ ಜೊತೆಗೇ ಕರೆಂಟ್ ಹೋಗುವುದೂ ಇದೆ. ಜನರೇಟರ್ ಇದ್ದರೂ ಅದು ಒಂದೇ ಪಂಪ್ ಎಳೆಯುವಷ್ಟು ಇರಬಹುದು. ಡೀಸೆಲ್ ಎಷ್ಟು ಗಂಟೆಗೆ ಇದೆ ಎಂದು ಕೇಳಿ ತಿಳಿದುಕೊಳ್ಳಿ. ಇನ್ನು ಪ್ಯಾನಲ್ ಬೋರ್ಡ್, ಮೋಟರ್ ತಗ್ಗಿನಲ್ಲಿದ್ದರೆ ನೀರು ಅಲ್ಲಿಗೇ ನುಗ್ಗುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯಲ್ಲಿ ಬೆಂಗಳೂರಿಗೆ ಕಾವೇರಿ ನೀರು ಕಳಿಸುವ ಪಂಪ್‌ಹೌಸಿಗೆ ಮಳೆ ನೀರು ನುಗ್ಗಿ ಯಂತ್ರಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ಅದು ಕುಡಿಯುವ ನೀರಿನ ಪಂಪ್‌ಹೌಸ್, ಕೊಳಚೆಯದಲ್ಲ. ಆದರೆ ಮುಳುಗಿದ ಮೋಟರಿನ ಕಥೆ ಎಲ್ಲ ಕಡೆ ಒಂದೇ. ನೀರು ಖಾಲಿ ಮಾಡಿದ ತಕ್ಷಣ ಸ್ವಿಚ್ ಹಾಕಲು ಬರುವುದಿಲ್ಲ. ಮೋಟರಿನೊಳಗಿನ ತಂತಿಯ ಸುತ್ತು (ವೈಂಡಿಂಗ್) ಒಣಗಿಸಿ, ಪರೀಕ್ಷೆ ಮಾಡಿ, ಆಮೇಲೆ ಹಾಕಬೇಕು. ಕೊಳಚೆ ಪಂಪಿಗೆ ಹಾಗಾದರೆ ಮಳೆ ನಿಂತ ಮೇಲೂ ದಿನಗಟ್ಟಲೆ ಊರಿನ ಕೊಳಚೆ ತೋಡಿಗೆ ಹೋಗುತ್ತದೆ.

ಹಾಗಾದರೆ ದೊಡ್ಡ ಪಂಪ್ ಯಾಕೆ ಬೇಡ? ಪಂಪಿನಿಂದ ನೀರು ಹೋಗುವ ರೈಸಿಂಗ್ ಮೇನ್ ಪೈಪ್ ಹಾಗೇ ಇರುತ್ತದೆ, ಅದಕ್ಕೆ. ನಮ್ಮ ಉದಾಹರಣೆಗೆ 250 ಮಿಲಿಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದದ ಪೈಪ್ ಹಿಡಿಯಿರಿ. ಸೆಕೆಂಡಿಗೆ 75 ಲೀಟರ್ ಹೋದರೆ ನೀರಿನ ವೇಗ ಒಂದೂವರೆ ಮೀಟರ್. ಪೈಪಿನ ಉಜ್ಜಾಟಕ್ಕೆ ಸುಮಾರು 10 ಮೀಟರ್ ಎತ್ತರದಷ್ಟು ಒತ್ತಡ ಖರ್ಚಾಗುತ್ತದೆ. ಅದೇ ಪೈಪಿನಲ್ಲಿ ಎರಡು ಪಟ್ಟು, ಅಂದರೆ 150 ಲೀಟರ್ ತಳ್ಳಿದರೆ ಉಜ್ಜಾಟ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 40 ಮೀಟರ್. ನೀರು ಏರಬೇಕಾದ ನಿಜವಾದ ಎತ್ತರ 10 ಮೀಟರ್ ಇದ್ದರೆ, ಒಟ್ಟು 20 ಇದ್ದದ್ದು 50 ಆಯಿತು. ನೀರು ಎರಡು ಪಟ್ಟು, ಒತ್ತಡ ಎರಡೂವರೆ ಪಟ್ಟು, ಮೋಟರಿನ ಶಕ್ತಿ ಐದು ಪಟ್ಟು ಬೇಕು. ಅಷ್ಟಾದರೂ ಸಿಕ್ಕಿದ್ದು 150. ಬರುತ್ತಿರುವುದು 275! ಇರುವ ಸ್ಟ್ಯಾಂಡ್‌ಬೈ ಪಂಪನ್ನೂ ಜೊತೆಗೆ ಓಡಿಸಿದಾಗ ನೀರು ಎರಡು ಪಟ್ಟು ಆಗದಿರುವುದಕ್ಕೂ ಇದೇ ಕಾರಣ. ಜೊತೆಗೆ, ಎರಡೂ ಓಡುತ್ತಿರುವಾಗ ಒಂದು ಕೆಟ್ಟರೆ ಬದಲಿಗೆ ಇನ್ನೊಂದಿಲ್ಲ.

ದೊಡ್ಡ ಪಂಪು ಬೇಸಿಗೆಯಲ್ಲೂ ಕಾಟ ಕೊಡುತ್ತದೆ. ಚಿಕ್ಕ ಹೊಟ್ಟೆಯ ವೆಟ್‌ವೆಲ್ಲನ್ನು ಐದಾರು ನಿಮಿಷದಲ್ಲಿ ಖಾಲಿ ಮಾಡಿ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಪ್ರತಿ ಸಲ ಶುರುವಾಗುವಾಗಲೂ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆದು ಬಿಸಿಯಾಗುತ್ತದೆ. ಥಟ್ಟನೆ ನಿಂತಾಗ ಪೈಪಿನೊಳಗೆ ನೀರು ಹಿಂದಕ್ಕೆ ಬಡಿದು ಹಳೆ ಪೈಪ್ ಒಡೆಯುವ ಭಯ. ಸರಿ, ಪೈಪನ್ನೂ ದೊಡ್ಡದು ಮಾಡೋಣ ಅಂದರೆ ಬೇಸಿಗೆಯ ಕಡಿಮೆ ನೀರು ಅದರಲ್ಲಿ ತೆವಳಿಕೊಂಡು ಹೋಗಿ ತಳದಲ್ಲಿ ಹೂಳು ಕೂರುತ್ತದೆ. ವರ್ಷದ ಕೆಲವೇ ಗಂಟೆಗಳ ಮಳೆಗಾಗಿ ಉಳಿದ ದಿನಗಳನ್ನೆಲ್ಲ ಕೆಡಿಸಿಕೊಂಡ ಹಾಗೆ.

ಪಂಪ್ ತಳ್ಳಿದ ನೀರು ಹೋಗುವುದೆಲ್ಲಿಗೆ? ಎಸ್‌ಟಿಪಿಗೆ, ಅಂದರೆ ಕೊಳಚೆ ಶುದ್ಧ ಮಾಡುವ ಘಟಕಕ್ಕೆ. ಅಲ್ಲಿ ಕೊಳಚೆಯನ್ನು ತಿಂದು ಶುದ್ಧ ಮಾಡುವುದು ಸೂಕ್ಷ್ಮಜೀವಿಗಳು. ನೀರು ಒಂದೇ ಸಲ ನುಗ್ಗಿದರೆ ಆ ಜೀವಿಗಳ ರಾಶಿಯೇ ಕೊಚ್ಚಿಕೊಂಡು ಹೊಳೆ ಸೇರುತ್ತದೆ. ಮತ್ತೆ ಬೆಳೆಸಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಕರೆಂಟಿನ ಬಿಲ್ಲೂ ಇದೆ. 10 ಲಕ್ಷ ಲೀಟರ್ ನೀರನ್ನು 20 ಮೀಟರ್ ಎತ್ತಲು ಪಂಪ್ ಮೋಟರಿನ ನಷ್ಟ ಸೇರಿ 110 ಯೂನಿಟ್ ಹತ್ತಿರ ಬೇಕು. ತಾನಾಗಿಯೇ ತೋಡಿಗೆ ಹರಿದು ಹೋಗಬೇಕಾದ ಮಳೆ ನೀರಿಗೆ ಊರಿನವರು ದುಡ್ಡು ಕೊಟ್ಟು ಎತ್ತಿಸಿದ ಹಾಗಾಯಿತು.

ಈಗ ನೀವೇ ಮಾಡಬಹುದಾದ ಪತ್ತೆ ಕೆಲಸ. ಪ್ರತಿ ಪಂಪಿಂಗ್ ಸ್ಟೇಷನ್ನಿನಲ್ಲೂ ಒಂದು ಲಾಗ್ ಪುಸ್ತಕ ಇರಬೇಕು. ಯಾವ ಪಂಪ್ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಬಂದ್ ಎಂದು ಅದರಲ್ಲಿ ಬರೆದಿರುತ್ತಾರೆ. ವಾರ್ಡಿನವರು ಸೇರಿ ಅದರ ನಕಲು ಕೇಳಿ. ನನಗೆ ಆ ಪುಸ್ತಕಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ನಮ್ಮ ಉದಾಹರಣೆಯ ಸ್ಟೇಷನ್ನಿನಲ್ಲಿ ಫೆಬ್ರುವರಿಯ ಒಂದು ದಿನ ಪಂಪ್ ಓಡಬೇಕಾದದ್ದು 8 ಗಂಟೆ. 25 ಬರುತ್ತದೆ, 75 ಎತ್ತುತ್ತದೆ, ದಿನದ ಮೂರನೇ ಒಂದು ಭಾಗ. ಜುಲೈಯಲ್ಲಿ ಜೋರು ಮಳೆಯ ದಿನ 24 ಗಂಟೆ ಓಡಿದೆ ಅಂದರೆ ಕಡಿಮೆ ಎಂದರೂ ಮೂರು ಪಟ್ಟು ನೀರು ಬಂದಿದೆ.

ಆದರೆ ನಾನು ಮೊದಲು ತೆಗೆದು ನೋಡುವುದು ಆಗಸ್ಟಿನಲ್ಲಿ ಮೂರ್ನಾಲ್ಕು ದಿನ ಮಳೆ ಬಿಟ್ಟಿದ್ದ ಹೊತ್ತಿನ ಪುಟ. ಆಗಲೂ ಪಂಪ್ 11 ಗಂಟೆ ಓಡಿದ್ದರೆ, ಆ ಜಾಸ್ತಿ 3 ಗಂಟೆ ಅಂದರೆ ದಿನಕ್ಕೆ 8 ಲಕ್ಷ ಲೀಟರ್, ಅದು ನೆಲದಿಂದ ಜಿನುಗಿದ ನೀರು. ಪೈಪ್ ಜೋಡಣೆ ಸೋರುತ್ತಿದೆ ಎಂದರ್ಥ. ಮಳೆ ಶುರುವಾದ ಅರ್ಧ ಗಂಟೆಯಲ್ಲೇ ಮಟ್ಟ ಏರಿ, ನಿಂತ ಎರಡು ಮೂರು ಗಂಟೆಯಲ್ಲಿ ಇಳಿದರೆ ಅದು ತಾರಸಿ, ಅಂಗಳ, ಮುಚ್ಚಳದ ನೀರು. ಎರಡಕ್ಕೂ ಮದ್ದು ಬೇರೆ. ಒಂದಕ್ಕೆ ಪೈಪ್ ರಿಪೇರಿ, ಇನ್ನೊಂದಕ್ಕೆ ಮನೆ ಮನೆಯ ತಪಾಸಣೆ. ಇದು ಗೊತ್ತಿಲ್ಲದೆ ದುಡ್ಡು ಸುರಿದರೆ ಸುಮ್ನೆ ದಂಡ. ನೀವು ಹೊಳೆಯ ಹತ್ತಿರ ಇದ್ದರೆ ಇನ್ನೊಂದನ್ನು ಸೇರಿಸಿ: ಮಳೆ ಇಲ್ಲದಿದ್ದರೂ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಪಂಪ್ ಜಾಸ್ತಿ ಓಡಿದೆಯಾ? ಹಾಗಿದ್ದರೆ ಭರತದ ನೀರು ಎಲ್ಲೋ ಒಳಗೆ ಬರುತ್ತಿದೆ. ಆಗ ಬರುವುದು ಉಪ್ಪು ನೀರು, ಪಂಪಿಗೆ ಇನ್ನೂ ಕೆಟ್ಟದ್ದು.

ಯಾವ ಮನೆಯಿಂದ ಬರುತ್ತಿದೆ ಎಂದು ಹುಡುಕಲು ಹೊಗೆ ಪರೀಕ್ಷೆ ಒಳ್ಳೆಯದು. ಮಳೆ ಇಲ್ಲದ ದಿನಗಳಲ್ಲಿ ಒಂದು ಮ್ಯಾನ್‌ಹೋಲಿಗೆ ಫ್ಯಾನ್ ಇಟ್ಟು ಅಪಾಯವಿಲ್ಲದ ಹೊಗೆ ಊದುತ್ತಾರೆ. ಯಾರ ತಾರಸಿಯ ಪೈಪು ಯುಜಿಡಿಗೆ ಸೇರಿದೆಯೋ ಅವರ ತಾರಸಿಯಲ್ಲಿ ಹೊಗೆ ಏಳುತ್ತದೆ. ವಾದ ಮಾಡಲು ಜಾಗವೇ ಇರುವುದಿಲ್ಲ. ಮುಂಚೆಯೇ ಮನೆಯವರಿಗೆಲ್ಲ ತಿಳಿಸಿರಬೇಕು, ಇಲ್ಲದಿದ್ದರೆ ಬೆಂಕಿ ಬಿತ್ತೆಂದು ಗಾಬರಿ ಬೀಳುತ್ತಾರೆ. ಹೊಗೆಯ ಯಂತ್ರ ಸಿಗದಿದ್ದರೆ ತಾರಸಿಯ ಪೈಪಿಗೆ ಬಣ್ಣದ ನೀರು ಸುರಿದು ಮುಂದಿನ ಚೇಂಬರಿನಲ್ಲಿ ಬರುತ್ತದಾ ನೋಡಬಹುದು. ಎಲ್ಲ ಮನೆ ಹುಡುಕುವ ಮೊದಲು ದೊಡ್ಡ ಅಂಗಳಗಳನ್ನು ನೋಡಿ. ಶಾಲೆ, ಹಾಲ್, ಅಪಾರ್ಟ್‌ಮೆಂಟ್, ಮಾರ್ಕೆಟ್. ಒಂದು ಅರ್ಧ ಎಕರೆ ಸಿಕ್ಕಿದರೆ ಹದಿನೆಂಟು ಇಪ್ಪತ್ತು ತಾರಸಿ ಸಿಕ್ಕಿದ ಹಾಗೆ. ಸಿಕ್ಕಿದವರನ್ನು ಕಳ್ಳರ ಹಾಗೆ ನೋಡಬೇಡಿ. ಹಿತ್ತಿಲ ನೀರಿಗೆ ಚರಂಡಿ ದಾರಿ ಮಾಡಿಕೊಡದೆ "ಬಿಡಬೇಡಿ" ಎಂದರೆ ಅವರಾದರೂ ಏನು ಮಾಡಬೇಕು? ಜಾಗ ಇದ್ದಲ್ಲಿ ತಾರಸಿ ನೀರನ್ನು ಸೋಸಿ ಟ್ಯಾಂಕಿಗೋ ಇಂಗುಗುಂಡಿಗೋ ಬಿಡಬಹುದು. ಆದರೆ ಆಟಿಯಲ್ಲಿ ನೆಲ ತುಂಬಿರುವಾಗ ಇಂಗುಗುಂಡಿಯೂ ತುಂಬುತ್ತದೆ. ಅದು ತುಂಬಿ ಹರಿದದ್ದು ಚರಂಡಿಗೆ ಹೋಗುವ ದಾರಿ ಇರಲೇಬೇಕು.

ನಿಮ್ಮ ಮನೆಗೆ ಈಗಲೇ ಬೇಕಾದದ್ದು ಇದು. ಮನೆಯಿಂದ ರಸ್ತೆಯ ಮ್ಯಾನ್‌ಹೋಲಿಗೆ ಹೋಗುವ ಪೈಪಿನಲ್ಲಿ, ಕೊನೆಯ ಚೇಂಬರಿನೊಳಗೆ, ನೀರನ್ನು ಹಿಂದಕ್ಕೆ ಬಿಡದ ವಾಲ್ವ್ ಹಾಕಿಸಿ. ನಾನ್-ರಿಟರ್ನ್ ವಾಲ್ವ್ ಅಂದರೆ ಪ್ಲಂಬರಿಗೆ ಗೊತ್ತಾಗುತ್ತದೆ, ಕೊಳಚೆ ಪೈಪಿಗೆ ಎಂದು ಹೇಳಿ ತರಿಸಿ. ಬಾಗಿಲಲ್ಲಿ ಕಸ ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ, ಹಾಗಾಗಿ ಮೇ ಕೊನೆಯಲ್ಲಿ ಒಮ್ಮೆ ತೊಳೆಸಬೇಕು. ವಾಲ್ವ್ ಮುಚ್ಚಿರುವಾಗ ನಿಮ್ಮ ನೀರೂ ಹೊರಗೆ ಹೋಗುವುದಿಲ್ಲ ಎಂಬುದು ನೆನಪಿರಲಿ. ಜೋರು ಮಳೆಯ ಆ ಒಂದೆರಡು ಗಂಟೆ ಬಟ್ಟೆ ಒಗೆಯುವ ಮೆಷಿನ್ ಹಾಕಬೇಡಿ. ಅಂಗಳದಲ್ಲಿ ಬಚ್ಚಲು, ಅಡುಗೆಮನೆಯ ನೀರು ಇಳಿಯುವ ಗಲ್ಲಿ ಟ್ರ್ಯಾಪಿನ ಬಾಯಿಯನ್ನು ನೆಲದಿಂದ ಅರ್ಧ ಅಡಿ ಎತ್ತರಿಸಿ. ಬಾವಿಯ ಕಟ್ಟೆ ಎತ್ತರ ಮಾಡಿಸಿ, ಬುಡದ ಸುತ್ತ ಸಿಮೆಂಟ್ ಹಾಕಿಸಿ. ಬಾವಿ ನೀರನ್ನು ಪರೀಕ್ಷೆಗೆ ಕೊಟ್ಟು ಫಲಿತಾಂಶ ಬರುವವರೆಗೆ ಅಡುಗೆಗೂ ಕುಡಿಯಲೂ ಬಳಸಬೇಡಿ. ಉಕ್ಕಿದ ನೀರಿನಲ್ಲಿ ಮಕ್ಕಳನ್ನು ಬಿಡಬೇಡಿ.

ಇನ್ನೊಂದು ಮಾತು, ಇದನ್ನು ಮಾತ್ರ ಕೈ ಮುಗಿದು ಕೇಳುತ್ತೇನೆ. ಉಕ್ಕುವುದು ನಿಲ್ಲಲಿ ಎಂದು ಯಾರನ್ನೂ ಮ್ಯಾನ್‌ಹೋಲಿಗೆ, ವೆಟ್‌ವೆಲ್‌ಗೆ ಇಳಿಸಬೇಡಿ, ಇಳಿಯಲು ಬಂದರೂ ಬಿಡಬೇಡಿ. ಮಳೆ ನೀರು ಹೂಳನ್ನು ಕದಡಿದಾಗ ಅದರಲ್ಲಿ ಕಟ್ಟಿಕೊಂಡಿದ್ದ ವಿಷದ ಗ್ಯಾಸ್ ಒಮ್ಮೆಲೇ ಬಿಡುಗಡೆಯಾಗುತ್ತದೆ. ಗ್ಯಾಸ್ ಜಾಸ್ತಿ ಇದ್ದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಎಷ್ಟೋ ಕಡೆ ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ವಾಪಸ್ ಬಂದಿಲ್ಲ. ಸುರಕ್ಷತೆಯ ಸಾಧನಗಳಿಲ್ಲದೆ ಹೀಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಜೆಟ್ಟಿಂಗ್, ಸಕ್ಕಿಂಗ್ ಯಂತ್ರ ಕರೆಸಿ. ದೂರು ಕೊಡಲು 14420 ಸಂಖ್ಯೆ ಇದೆ.

ಮನವಿಯಲ್ಲಿ ನಾಲ್ಕು ಸಾಲು ಬರೆದರೆ ಸಾಕು. ಲಾಗ್ ಪುಸ್ತಕದ ನಕಲು, ಪಂಪ್ ಈಗ ನಿಜವಾಗಿ ಎಷ್ಟು ಎತ್ತುತ್ತದೆ ಎಂಬ ಪರೀಕ್ಷೆ, ಬೇಸಿಗೆಯಲ್ಲಿ ಹೊಗೆ ಪರೀಕ್ಷೆ, ಮಳೆಗಾಲದ ರಾತ್ರಿಗಳಿಗೆ ಜಾಲರಿ ಕೆರೆಯಲು ಇನ್ನೊಬ್ಬರು. ಮುಚ್ಚಳ ಎತ್ತರಿಸುವುದನ್ನು ಅದರ ಕೆಳಗೆ ಸೇರಿಸಿ. ಇದೆಲ್ಲ ಆದ ಮೇಲೂ ಲೆಕ್ಕಕ್ಕೆ ಪಂಪ್ ಸಾಲುವುದಿಲ್ಲ ಎಂದು ಕಂಡರೆ, ಊರು ಬೆಳೆದು 20,000 ಇದ್ದದ್ದು 35,000 ಆಗಿದ್ದರೆ, ಆಗ ದೊಡ್ಡ ಪಂಪ್ ಕೇಳುವುದು ನ್ಯಾಯ. ಪೈಪ್ ಸಮೇತ ಕೇಳಿ.

ಫೆಬ್ರುವರಿಯ ಒಂದು ವಾರ, ಜುಲೈಯ ಒಂದು ವಾರ, ಆಗಸ್ಟಿನಲ್ಲಿ ಮಳೆ ಬಿಟ್ಟ ನಾಲ್ಕು ದಿನ. ಲಾಗ್ ಪುಸ್ತಕದ ಈ ಪುಟಗಳ ಫೋಟೊ ಸಿಕ್ಕಿದರೆ ನನಗೆ ಕಳಿಸಿ. ಪಂಪಿನ ಮೇಲಿನ ತಗಡಿನಲ್ಲಿ ಕೊರೆದಿರುವ ಅಂಕಿಗಳನ್ನೂ ಬರೆದು ಕಳಿಸಿ. ಕೂತು ಲೆಕ್ಕ ಹಾಕಿ ಉತ್ತರ ಬರೆಯುತ್ತೇನೆ.